ಎಳೆ ಕುದುರೆಗೆ ಜೀನು ಹಾಕುವ ಮುಂಚೆ

(ಗದಗದಲ್ಲಿ ಕುದುರೆ ಸಾಕುವವರು, ಸಾಕಬೇಕೆಂದಿರುವವರು ಸೇರಿದ್ದ ಸಣ್ಣ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಆಡುಮಾತಿನ ಜಾಡನ್ನು ಪೂರ್ತಿ ಅಳಿಸಿಲ್ಲ.)

ಎಲ್ಲರಿಗೂ ಶರಣು ಶರಣಾರ್ಥಿ.

ಮದುವೆ ಮೆರವಣಿಗೆಗೆ ಕುದುರೆ ಕೊಡುವವರು ಇಲ್ಲಿದ್ದೀರಿ, ಗಾಡಿ ಶರ್ಯತ್ತಿನ ಹುಚ್ಚಿನವರೂ ಇದ್ದೀರಿ. ಹಿಂದಿನ ಸಾಲಿನಲ್ಲಿ ಕೂತ ಹುಡುಗರು ಮೊಬೈಲಿನಲ್ಲಿ ಮಾರವಾಡಿ ಕುದುರೆ ನೋಡಿ ನೋಡಿ, ಕಡೆಗೆ ಸಾಲ ಮಾಡಿ ಒಂದು ಮರಿ ತಂದು ಕಟ್ಟಿಕೊಂಡವರು ಅಂತ ಕಾಣುತ್ತದೆ. ಯಾರೇ ಸಿಗಲಿ, ನನ್ನನ್ನು ಕೇಳುವುದು ಒಂದೇ ಮಾತು: "ಸರ, ಇದನ್ನ ಯಾವಾಗ ಹತ್ತಬೇಕ್ರಿ?" ಈಗಿನ ಹುಬ್ಬಳ್ಳಿಯ ಮಂದಿಗೆ ದಿನಾ ಕಣ್ಣಿಗೆ ಬೀಳುವ ಕುದುರೆ ಅಂದರೆ ಚೆನ್ನಮ್ಮ ಸರ್ಕಲ್ಲಿನದು ಒಂದೇ, ಅದಕ್ಕೆ ಮೇವೂ ಬೇಡ, ವಯಸ್ಸೂ ಆಗುವುದಿಲ್ಲ. ಜೀವ ಇರುವ ಕುದುರೆ ಹಾಗಲ್ಲ. ಹತ್ತುವುದು ಕಡೆಯ ಕೆಲಸ. ಅದಕ್ಕಿಂತ ಮೊದಲಿನದನ್ನು ಇವತ್ತು ಹೆಚ್ಚು ಹೇಳುತ್ತೇನೆ.

ನಮ್ಮ ಕಡೆ ಎಳೆ ಕುದುರೆಯನ್ನು ಪಳಗಿಸುವ ಒಂದು ಹಳೆಯ ದಾರಿ ನಿಮಗೆಲ್ಲ ಗೊತ್ತಿದೆ. ರಂಟೆ ಹೊಡೆದ ಎರೆ ಹೊಲಕ್ಕೆ, ಅಂದರೆ ಕಪ್ಪು ಮಣ್ಣಿನ ಹೊಲಕ್ಕೆ ಒಯ್ಯುವುದು. ಕಾಲು ಹೂಳುವ ಮಣ್ಣಿನಲ್ಲಿ, ಬೆವರು ನೊರೆ ಆಗುವ ತನಕ ಓಡಿಸುವುದು. ಅದು ತಲೆ ಕೆಳಗೆ ಹಾಕಿ ನಿಂತಾಗ ಒಬ್ಬ ಗಟ್ಟಿ ಹುಡುಗ ಜಿಗಿದು ಕೂಡುವುದು. ಕುದುರೆ ಒದೆಯುವುದಿಲ್ಲ, ಏಳುವುದಿಲ್ಲ. "ಪಳಗಿತು ನೋಡ್ರಿ" ಅಂತ ಮಂದಿ ಚಪ್ಪಾಳೆ ಹೊಡೆಯುತ್ತಾರೆ. ನಾನು ಹೇಳುವುದು ಇಷ್ಟೇ: ಅದು ಪಳಗಿಲ್ಲ, ದಣಿದಿದೆ.

ದಣಿವು ನಾಳೆ ಬೆಳಿಗ್ಗೆ ಇಳಿಯುತ್ತದೆ. ಆಗ ಮತ್ತೆ ದಣಿಸಬೇಕು. ಇವತ್ತು ಅರ್ಧ ಗಂಟೆಗೆ ಸುಸ್ತಾದ ಕುದುರೆಗೆ ಮುಂದಿನ ತಿಂಗಳು ಒಂದು ಗಂಟೆ ಬೇಕಾಗುತ್ತದೆ, ಯಾಕೆಂದರೆ ಈ ನಡುವೆ ನೀವು ಅದಕ್ಕೆ ತಾಲೀಮು ಕೊಟ್ಟಿದ್ದೀರಿ, ಉಸಿರು ಗಟ್ಟಿಯಾಗಿದೆ. ಲಗಾಮು ಎಳೆದರೆ ಏನು ಮಾಡಬೇಕು, ಕಾಲು ಒತ್ತಿದರೆ ಎತ್ತ ಹೋಗಬೇಕು ಅನ್ನುವುದು ಮಾತ್ರ ಅದಕ್ಕೆ ಮೊದಲಿನಷ್ಟೇ ಗೊತ್ತಿಲ್ಲ. ಅದರ ಮೇಲೆ ಮಣ್ಣಿನ ಏಟು ಬೇರೆ. ಆಳವಾದ ಮಣ್ಣಿನಲ್ಲಿ ಹೆಜ್ಜೆ ಹೂತಷ್ಟೂ, ಮುಂಗಾಲಿನ ಹಿಂಭಾಗದಲ್ಲಿ ಮೊಣಕಾಲಿನಿಂದ ಕೆಳಗೆ ಇಳಿಯುವ ಸ್ನಾಯುರಜ್ಜು ಎಳೆತ ತಿನ್ನುತ್ತದೆ. ಅಲ್ಲಿ ಒಮ್ಮೆ ಹರಿದರೆ ತಿಂಗಳುಗಟ್ಟಲೆ ಕಟ್ಟಿ ಹಾಕಬೇಕು. ಮಾಗಿದ ಮೇಲೂ ಆ ಜಾಗ ಮೊದಲಿನ ಹಾಗೆ ಹಿಗ್ಗುವುದಿಲ್ಲ.

ಈಗ ನೋಡುವ ಕೆಲಸಕ್ಕೆ ಬರೋಣ.

ಸಂತೆಯಲ್ಲಿ ಕುದುರೆ ನೋಡಲು ಹೋದವರು ಮೊದಲು ನೋಡುವುದು ಮೈಮೇಲಿನ ಕೂದಲ ಸುಳಿ. ಎತ್ತಿಗೂ ಅಷ್ಟೇ, ಕುದುರೆಗೂ ಅಷ್ಟೇ. ಇದು ಇವತ್ತಿನದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ 12ನೆಯ ಶತಮಾನದಲ್ಲಿ ಬಂದ ಮಾನಸೋಲ್ಲಾಸದಲ್ಲೂ ಕುದುರೆಯ ಲಕ್ಷಣಗಳ ಮಾತು ಇದೆ. ಸುಳಿ ನೋಡುವವರ ಜೊತೆ ನಾನು ಜಗಳ ಮಾಡುವುದಿಲ್ಲ, ಮನೆಯ ಹಿರಿಯರ ಸಮಾಧಾನಕ್ಕೆ ನೋಡಿ. ನೋಡಿದ ಮೇಲೆ ಬಾಯಿ ತೆರೆಸಿ.

ಮುಂದಿನ ಹಲ್ಲುಗಳು ಮೇಲೆ ಆರು, ಕೆಳಗೆ ಆರು. ಹಾಲುಹಲ್ಲು ಸಣ್ಣದು, ಬೆಳ್ಳಗೆ ಇರುತ್ತದೆ, ಒಸಡಿನ ಹತ್ತಿರ ಕುತ್ತಿಗೆಯ ಹಾಗೆ ಸಪೂರ. ಅದು ಬಿದ್ದ ಮೇಲೆ ಬಂದ ಕಾಯಂ ಹಲ್ಲು ಅಗಲ, ತುಸು ಹಳದಿ, ಉದ್ದಕ್ಕೆ ಗೀರು ಇರುತ್ತದೆ. ನಡುವಿನ ಜೋಡಿ ಬದಲಾಗುವುದು ಸುಮಾರು 2½ ವರ್ಷಕ್ಕೆ, ಅದರ ಪಕ್ಕದ್ದು 3½ಕ್ಕೆ, ಮೂಲೆಯದು 4½ಕ್ಕೆ. ಐದಕ್ಕೆ ಬಾಯಿ ತುಂಬಿತು ಅನ್ನುತ್ತಾರೆ. ಗಂಡಾದರೆ ನಾಲ್ಕೈದರ ಹೊತ್ತಿಗೆ ಕೋರೆಯೂ ಬರುತ್ತದೆ. ಹೆಣ್ಣಿಗೆ ಸಾಮಾನ್ಯವಾಗಿ ಬರುವುದಿಲ್ಲ, ಬಂದರೂ ಸಣ್ಣದು. ಈಗ ಮಾರುವವನು "ನಾಕು ವರ್ಷದ್ದು, ನಾಳೆನ ಹತ್ರಿ" ಅಂದ, ಬಾಯಲ್ಲಿ ನಡುವಿನ ಜೋಡಿ ಮಾತ್ರ ಬದಲಾಗಿದೆ ಅಂತಿಟ್ಟುಕೊಳ್ಳಿ. ಅದಕ್ಕೆ ಇನ್ನೂ ಮೂರೂವರೆ ತುಂಬಿಲ್ಲ. ಹಲ್ಲು ಹುಟ್ಟುವುದರಲ್ಲಿ ತಿಂಗಳೊಪ್ಪತ್ತಿನ ಹೆಚ್ಚು ಕಡಿಮೆ ಇದ್ದೇ ಇರುತ್ತದೆ, ಆದರೆ ಒಂದು ವರ್ಷದ ಸುಳ್ಳು ಬಾಯಲ್ಲಿ ನಿಲ್ಲುವುದಿಲ್ಲ.

ವಯಸ್ಸು ಇಷ್ಟು ಮುಖ್ಯ ಯಾಕೆ ಅಂದರೆ ಎಲುಬು. ಎಳೆಯ ಎಲುಬಿನ ತುದಿಯಲ್ಲಿ ಬೆಳವಣಿಗೆಯ ಮೆತ್ತನೆಯ ಪದರ ಇರುತ್ತದೆ, ಅದು ಗಟ್ಟಿಯಾಗಿ ಮುಚ್ಚಿಕೊಳ್ಳುವುದು ಕೆಳಗಿನಿಂದ ಮೇಲಕ್ಕೆ. ಗೊರಸಿನ ಹತ್ತಿರದ ಎಲುಬು ಬೇಗ. ಮುಂಗಾಲಿನ ಮೊಣಕಾಲ ಮೇಲಿನದು ಸುಮಾರು ಎರಡು, ಎರಡೂವರೆ ವರ್ಷಕ್ಕೆ. ಎಲ್ಲಕ್ಕಿಂತ ಕಡೆಗೆ ಬೆನ್ನೆಲುಬು, ಐದು ವರ್ಷ ದಾಟಿದ ಮೇಲೆ. ರೇಸಿನವರು ಎರಡು ವರ್ಷಕ್ಕೇ ಹತ್ತುತ್ತಾರಲ್ಲ ಅಂತ ಕೇಳುತ್ತೀರಿ. ಹತ್ತುತ್ತಾರೆ. ಅವರು ಹಗುರ ಜಾಕಿಯನ್ನು ಕೂಡಿಸಿ ಕೆಲವು ನಿಮಿಷ ಓಡಿಸುತ್ತಾರೆ, ಪಕ್ಕದಲ್ಲಿ ಡಾಕ್ಟರ್ ಇರುತ್ತಾರೆ, ಅಷ್ಟಾದರೂ ಕಾಲು ಕೆಟ್ಟು ಹೊರಬೀಳುವ ಕುದುರೆ ಕಡಿಮೆ ಏನಿಲ್ಲ. ನಮಗೆ ಬೇಕಾಗಿರುವುದು ಹದಿನೈದು ವರ್ಷ ದುಡಿಯುವ ಕುದುರೆ. ಜೀನಿನ ಪರಿಚಯ ಮೂರಕ್ಕೆ ಶುರುವಾಗಲಿ, ಮೂರೂವರೆಯ ಹೊತ್ತಿಗೆ ಹಗುರ ಸವಾರ ಸ್ವಲ್ಪ ಹೊತ್ತು ಕೂಡಲಿ, ನಿಜವಾದ ದುಡಿಮೆ ಐದರ ಮೇಲೆ. ಬಾಯಿ ನೋಡಲು ಬರದವರು ಕುದುರೆಯನ್ನು ಸಮ ನೆಲದಲ್ಲಿ ನಿಲ್ಲಿಸಿ ಪಕ್ಕದಿಂದ ನೋಡಿ. ಹಿಂಭಾಗ ಹೆಗಲಿಗಿಂತ ಎತ್ತರ ಇದ್ದರೆ ಅದು ಹೆಚ್ಚಾಗಿ ಇನ್ನೂ ಬೆಳೆಯುತ್ತಿದೆ.

ಆಮೇಲೆ ತೂಕ. ಕುದುರೆ ತೂಗುವ ಕಾಟಾ ನಮ್ಮಲ್ಲಿ ಯಾರ ಮನೆಯಲ್ಲಿದೆ? ದರ್ಜಿಯ ಟೇಪು ಸಾಕು. ಹೆಗಲ ಹಿಂದೆ, ಮುಂಗಾಲ ಸಂದಿಗೆ ಹತ್ತಿ ಎದೆಯ ಸುತ್ತಳತೆ ತೆಗೆದುಕೊಳ್ಳಿ. ಭುಜದ ಮೂಳೆಯಿಂದ ಪೃಷ್ಠದ ತುದಿಯವರೆಗೆ ಉದ್ದ ತೆಗೆದುಕೊಳ್ಳಿ. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದ ಗುಣಿಸಿ, ಉದ್ದದಿಂದ ಗುಣಿಸಿ, 11,900ರಿಂದ ಭಾಗಿಸಿ. ಸುತ್ತಳತೆ 165, ಉದ್ದ 145 ಇದ್ದರೆ ಸುಮಾರು 330 ಕೆಜಿ ಬರುತ್ತದೆ. ಪೂರ್ತಿ ಬೆಳೆದ ಕುದುರೆಯ ಬೆನ್ನಿನ ಮೇಲಿನ ಭಾರ ಅದರ ತೂಕದ ಐದನೆಯ ಒಂದು ಪಾಲು ದಾಟಬಾರದು ಅನ್ನುವುದು ಬಹಳ ಮಂದಿ ಒಪ್ಪುವ ಲೆಕ್ಕ. ಅಂದರೆ 66 ಕೆಜಿ. ಜೀನು, ಅದರ ಕೆಳಗಿನ ಗಾದಿ ಎಲ್ಲ ಸೇರಿ ಎಂಟು ಕೆಜಿ ಹೋದರೆ ಸವಾರನಿಗೆ ಉಳಿದದ್ದು 58. ಅದೂ ಬೆಳೆದ ಕುದುರೆಗೆ. ಇದೇ ಅಳತೆಯ ಎಳೆಯ ಕುದುರೆ ಆದರೆ ನಾನು 50 ಕೆಜಿ ಮೇಲಿನವರನ್ನು ಕೂಡಿಸುವುದಿಲ್ಲ. ಇಲ್ಲಿರುವ ಪೈಲ್ವಾನರು ಬೇಸರ ಮಾಡಿಕೊಳ್ಳಬಾರದು. ನೀವು ಹಗ್ಗ ಹಿಡಿಯಿರಿ, ಅದಕ್ಕೂ ಗಟ್ಟಿ ಆಳು ಬೇಕು.

ಕಾಲು ನೋಡುವುದಕ್ಕೆ ಹೊಲ ಬೇಡ, ಗಟ್ಟಿ ನೆಲ ಬೇಕು, ಕಾಂಕ್ರೀಟ್ ರಸ್ತೆಯಾದರೆ ಚಲೋ. ಒಬ್ಬರು ಹಗ್ಗ ಸಡಿಲ ಬಿಟ್ಟು ನೇರ ನಡೆಸಲಿ, ಆಮೇಲೆ ಕುಕ್ಕುಲೋಟದಲ್ಲಿ ಓಡಿಸಲಿ. ನೀವು ಎದುರು ನಿಂತು ತಲೆ ನೋಡಿ. ಮುಂಗಾಲು ನೋವಿದ್ದರೆ, ಆ ಕಾಲು ಊರುವಾಗ ತಲೆ ಮೇಲೆ ಹೋಗುತ್ತದೆ, ಚಲೋ ಕಾಲು ಊರುವಾಗ ಕೆಳಗೆ ಇಳಿಯುತ್ತದೆ. ಹಗ್ಗ ಬಿಗಿ ಹಿಡಿದು ಓಡಿಸಿ ತೋರಿಸುವ ಮಾರಾಟಗಾರ ಇದನ್ನೇ ಮುಚ್ಚಿಡುತ್ತಾನೆ. ಕಿವಿಗೂ ಕೆಲಸ ಕೊಡಿ, ನಾಲ್ಕು ಗೊರಸಿನ ಸಪ್ಪಳ ಒಂದೇ ತಾಳದಲ್ಲಿ ಬರಬೇಕು. ಆಮೇಲೆ ಒಂದೊಂದೇ ಕಾಲು ಎತ್ತಿ ಗೊರಸಿನ ಅಡಿ ನೋಡಿ. ಮಳೆಗಾಲ ಕಳೆದ ಮೇಲೆ ನಡುವಿನ ತ್ರಿಕೋನದ ಮೆತ್ತೆ ಕರ್ರಗಾಗಿ ಕೆಟ್ಟ ವಾಸನೆ ಬಂದರೆ ಕೊಳೆತ ಶುರುವಾಗಿದೆ. ಕೊಟ್ಟಿಗೆ ಒಣಗಿಸಿ ದಿನಾ ತೆಗೆದು ತಿಕ್ಕಿದರೆ ಹೋಗುತ್ತದೆ. ಇನ್ನೊಂದು ಮಾತು, ನಾಲು ಬಡಿಯುವವರ ಬಗ್ಗೆ. ನಮ್ಮಲ್ಲಿ ಎತ್ತಿಗೆ ನಾಲು ಬಡಿಯುವವರು ಎತ್ತನ್ನು ಹಗ್ಗ ಹಾಕಿ ಕೆಡವಿ ಕಾಲು ಕಟ್ಟುತ್ತಾರೆ. ಅದೇ ಕೈಗೆ ಎಳೆ ಕುದುರೆ ಕೊಟ್ಟು ಕೆಡವಿಸಬೇಡಿ. ಒಮ್ಮೆ ಬಿದ್ದು ಹೆದರಿದ ಕುದುರೆ ಮುಂದೆ ಕಾಲು ಕೊಡುವುದಿಲ್ಲ. ಸವಾರಿಯ ಮೊದಲ ತಿಂಗಳುಗಳಲ್ಲಿ ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದಲ್ಲಿ ಗೊರಸು ಗಟ್ಟಿ ಇರುವ ಕುದುರೆಗೆ ನಾಲೇ ಬೇಕಾಗುವುದಿಲ್ಲ, ಆರು ವಾರಕ್ಕೊಮ್ಮೆ ಕೆತ್ತಿ ಸಮ ಮಾಡಿಸಿದರೆ ಸಾಕು.

ಬೆನ್ನು, ಬಾಯಿ, ರಕ್ತ, ಇವನ್ನು ಡಾಕ್ಟರ ಕೈಗೆ ಬಿಡಿ. ಗದಗದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ದೂರ ಹೋಗಬೇಕಿಲ್ಲ. ಬಾಯಲ್ಲಿ ದವಡೆ ಹಲ್ಲಿನ ಮುಂದೆ ಕೆಲವು ಕುದುರೆಗೆ ಒಂದು ಪುಟಾಣಿ ಹಲ್ಲು ಇರುತ್ತದೆ, ತೋಳದ ಹಲ್ಲು ಅನ್ನುತ್ತಾರೆ. ಕಡಿವಾಣದ ಕಬ್ಬಿಣ ಅದಕ್ಕೆ ತಾಗಿದರೆ ಕುದುರೆ ತಲೆ ಒಗೆಯುತ್ತದೆ, ನಾವು ಹಟಮಾರಿ ಅಂತ ಬಡಿಯುತ್ತೇವೆ. ಕಬ್ಬಿಣ ಹಾಕುವ ಮೊದಲೇ ತೋರಿಸಿ. ಧನುರ್ವಾಯುವಿನ ಲಸಿಕೆ ಆಗಿರಲೇಬೇಕು. ಸಾಕುಪ್ರಾಣಿಗಳಲ್ಲಿ ಕುದುರೆಯಷ್ಟು ಸುಲಭವಾಗಿ ಆ ರೋಗಕ್ಕೆ ಸಿಗುವುದು ಬೇರೆ ಇಲ್ಲ, ಒಂದು ಮೊಳೆ ಚುಚ್ಚಿದರೆ ಸಾಕು. ಹೊರಗಿನಿಂದ ತಂದದ್ದಾದರೆ ಗ್ಲ್ಯಾಂಡರ್ಸ್ ಪರೀಕ್ಷೆಯ ಕಾಗದ ಕೇಳಿ. ಅದು ಮನುಷ್ಯರಿಗೂ ಹತ್ತುವ ರೋಗ, ಖಚಿತವಾದರೆ ಕಾನೂನಿನ ಪ್ರಕಾರ ಕುದುರೆಯನ್ನು ಕೊಲ್ಲಿಸಬೇಕಾಗುತ್ತದೆ. ಬಿಟ್ಟು ಬಿಟ್ಟು ಜ್ವರ, ಕಾಲಿಗೆ ಬಾವು, ದಿನಾ ಸೊರಗುವುದು ಇದ್ದರೆ ಸರ್ರಾ ಇರಬಹುದು, ಕಚ್ಚುವ ನೊಣದಿಂದ ಬರುತ್ತದೆ. ಅಂಥ ಕುದುರೆ ಮೆತ್ತಗಿರುವುದನ್ನು ನೋಡಿ "ಎಷ್ಟ ಶಾಂತ ಐತಿ" ಅಂತ ಕೊಂಡವರು ಉಂಟು.

ಇನ್ನು ಮನಸ್ಸು. ಇದರಲ್ಲಿ ನನಗೆ ಹೆಚ್ಚು ಆಸಕ್ತಿ. ಖಾಲಿ ಗೊಬ್ಬರದ ಚೀಲ ಒಂದನ್ನು ದೂರದಲ್ಲಿ ನೆಲಕ್ಕೆ ಹಾಕಿ, ಕುದುರೆಯನ್ನು ಅತ್ತ ನಡೆಸಿ. ಬೆಚ್ಚುತ್ತದೆ. ಬೆಚ್ಚಬೇಕು, ಓಡಿಯೇ ಬದುಕಿ ಬಂದ ಪ್ರಾಣಿ ಅದು. ಬೆಚ್ಚಿದ್ದಕ್ಕೆ ಅಂಕ ಕಳೆಯಬೇಡಿ. ಬೆಚ್ಚಿದ ಮೇಲೆ ಎಷ್ಟು ಬೇಗ ಮರಳಿತು ಅನ್ನುವುದನ್ನು ನೋಡಿ. ನಾಲ್ಕು ಹೆಜ್ಜೆ ಹಾರಿ, ತಿರುಗಿ, ಕಿವಿ ಮುಂದೆ ಮಾಡಿ, ಮೂಗು ಚಾಚಿ ಮೂಸಲು ಬಂದರೆ ಅದು ಸವಾರಿಯ ಕುದುರೆ. ಹತ್ತು ನಿಮಿಷ ಆದರೂ ಕಣ್ಣಿನ ಬಿಳಿ ಕಾಣಿಸುತ್ತ, ಬಾಲ ಒತ್ತಿಕೊಂಡು, ಮೈ ಬಿಗಿ ಹಿಡಿದು ನಿಂತರೆ ಅದಕ್ಕೆ ಬಹಳ ಸಮಯ ಬೇಕು, ಹೊಸಬರ ಕೈಗೆ ತಕ್ಕದ್ದಲ್ಲ. ಅಲುಗಾಡದೆ, ಏನನ್ನೂ ನೋಡದೆ, ಕಿವಿ ಇಳಿಬಿಟ್ಟು ನಿಲ್ಲುವ ಮೂರನೆಯ ಜಾತಿ ಒಂದಿದೆ. ಮಂದಿ ಅದನ್ನೇ ಮೆಚ್ಚುತ್ತಾರೆ. ನನಗೆ ಅದರದೇ ಹೆದರಿಕೆ. ಅದು ಏಟು ತಿಂದು ತಿಂದು ಒಳಗೆ ಹೋಗಿರಬಹುದು, ರೋಗ ಇರಬಹುದು, ಎಂದೋ ಒಂದು ದಿನ ಮುನ್ಸೂಚನೆ ಇಲ್ಲದೆ ಸಿಡಿಯಲೂಬಹುದು.

ಶಿರಹಟ್ಟಿ, ರಾಣೇಬೆನ್ನೂರು ಕಡೆ ರಸ್ತೆಯಲ್ಲಿ ಕುರಿಹಿಂಡಿನ ಜೊತೆ ಹೋಗುವ ತಟ್ಟುಗಳನ್ನು ನೀವು ನೋಡಿದ್ದೀರಿ. ಬೆನ್ನ ಮೇಲೆ ಕಂಬಳಿ, ಪಾತ್ರೆ, ಬಲೆ, ಅದರ ಮೇಲೊಂದು ಕೋಳಿ, ಆಗಷ್ಟೇ ಹುಟ್ಟಿದ ಕುರಿಮರಿ. ಪಕ್ಕದಲ್ಲಿ ತಟ್ಟಿನ ಮರಿ ತಾಯಿಯ ಜೊತೆ ನಡೆದಿರುತ್ತದೆ. ನಾಯಿ, ಲಾರಿ, ಮಳೆ, ಹೊಳೆ, ಸಂತೆ, ಎಲ್ಲವನ್ನೂ ಅದು ತಾಯಿ ಹೆದರದೆ ದಾಟುವುದನ್ನು ನೋಡಿಯೇ ದೊಡ್ಡದಾಗುತ್ತದೆ. ನಮ್ಮ ಸೀಮೆಯಲ್ಲಿ ಎಳೆ ಕುದುರೆಗೆ ಇದಕ್ಕಿಂತ ಚಲೋ ಶಾಲೆ ನಾನು ಕಂಡಿಲ್ಲ. ಲಕ್ಷಗಟ್ಟಲೆ ಕೊಟ್ಟು ತಂದ ಮರಿಯನ್ನು ನಾವು ಶೆಡ್ಡಿನಲ್ಲಿ ಒಂಟಿಯಾಗಿ ಕಟ್ಟಿ, ಹುರುಳಿ ಕಡಲೆ ತುಂಬಿ, ಮೂರು ವರ್ಷಕ್ಕೆ ಹೊರಗೆ ತರುತ್ತೇವೆ. ಅದಕ್ಕೆ ಪ್ಲಾಸ್ಟಿಕ್ ಚೀಲ ಕಂಡರೂ ಯಮ. ಆದರೆ ಒಂದು ತಪ್ಪು ಲೆಕ್ಕ ಹಾಕಬೇಡಿ: ಹೇರು ಹೊತ್ತ ತಟ್ಟು ಸವಾರನನ್ನೂ ಹೊತ್ತೀತು ಅಂತ. ಹೇರು ಸುಮ್ಮನಿರುತ್ತದೆ. ಸವಾರ ಅಲುಗುತ್ತಾನೆ, ಕಣ್ಣಿಗೆ ಕಾಣದ ಜಾಗದಲ್ಲಿ ಕೂತು ಕಾಲಿನಿಂದ ಒತ್ತುತ್ತಾನೆ, ಬಾಯಿಗೆ ಹಗ್ಗ ಕಟ್ಟಿರುತ್ತಾನೆ. ಅದು ಬೇರೆಯೇ ಪಾಠ.

ಆ ಪಾಠ ಶುರುವಾಗುವುದು ನೆಲದ ಮೇಲೆ. ಕಾಲ ಹೇಳುವುದಾದರೆ ದೀಪಾವಳಿ ಕಳೆದ ಮೇಲೆ. ಮಳೆ ನಿಂತಿರುತ್ತದೆ, ಮಸಾರಿ ನೆಲ ಹದವಾಗಿರುತ್ತದೆ, ನೊಣ ಕಡಿಮೆ. ಎರೆ ಹೊಲ ಮಳೆಗಾಲದಲ್ಲಿ ಅಂಟು, ಬೇಸಿಗೆಯಲ್ಲಿ ಬಿರುಕು. ಆ ಬಿರುಕಿನಲ್ಲಿ ಕಾಲು ಸಿಕ್ಕರೆ ಮುಗಿಯಿತು.

ಮೊದಲು ಮುಖದ ಹಗ್ಗದಲ್ಲಿ ನಡೆ, ನಿಲ್ಲು, ಹಿಂದೆ ಸರಿ, ಪಕ್ಕಕ್ಕೆ ಸರಿ. ಹಗ್ಗ ಎಳೆದಾಗ ಕುದುರೆ ಕಲಿಯುವುದಿಲ್ಲ, ಅದು ಸರಿಯಾಗಿ ಮಾಡಿದ ತಕ್ಷಣ ನೀವು ಹಗ್ಗ ಬಿಟ್ಟಾಗ ಕಲಿಯುತ್ತದೆ. ಆ ತಕ್ಷಣ ಅಂದರೆ ತಕ್ಷಣವೇ. ಎರಡು ಹೆಜ್ಜೆ ತಡವಾಗಿ ಬಿಟ್ಟರೆ ಅದು ಬೇರೆ ಯಾವುದಕ್ಕೋ ಬಹುಮಾನ ಸಿಕ್ಕಿತು ಅಂತ ತಿಳಿಯುತ್ತದೆ. ನಮ್ಮ ಹುಡುಗರ ಕೈ ಬಲದಲ್ಲಿ ಕಡಿಮೆ ಇಲ್ಲ, ಬಿಡುವುದರಲ್ಲಿ ತಡ. ಏನು ಮಾಡಿದರೂ ಎಡದಿಂದಲೂ ಮಾಡಿ, ಬಲದಿಂದಲೂ ಮಾಡಿ. ಕುದುರೆಯ ಕಣ್ಣು ತಲೆಯ ಎರಡು ಬದಿಗಿವೆ. ಎಡಗಣ್ಣು ನೋಡಿ ಒಪ್ಪಿದ ಚೀಲ ಬಲಗಣ್ಣಿಗೆ ಹೊಸ ಭೂತವಾಗಿ ಕಾಣುವುದು ಉಂಟು.

ಆಮೇಲೆ ಗೋಣಿತಟ್ಟಿನಿಂದ ಮೈ ಉಜ್ಜುವುದು, ಬೆನ್ನ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಪಟ್ಟಿ, ಕಡೆಗೆ ಜೀನು. ಹೊಟ್ಟೆಪಟ್ಟಿಯನ್ನು ಒಂದೇ ಸಲ ಬಿಗಿಯಬೇಡಿ. ಒಂದು ತೂತು ಬಿಗಿದು ನಡೆಸಿ, ಇನ್ನೊಂದು ತೂತು, ಮತ್ತೆ ನಡೆಸಿ. ಮೊದಲ ದಿನ ಜಿಗಿದಾಡಬೇಕು ಅನಿಸಿದರೆ ಬೇಲಿಯೊಳಗೆ ಖಾಲಿ ಜೀನಿನ ಜೊತೆ ಜಿಗಿಯಲಿ. ಜೀನು ಬೆನ್ನೆಲುಬಿಗೆ ತಾಗಬಾರದು. ಹೆಗಲಿನ ದಿಬ್ಬಕ್ಕೂ ಜೀನಿಗೂ ನಡುವೆ ಎರಡು ಮೂರು ಬೆರಳು ಸಲೀಸಾಗಿ ಹೋಗಬೇಕು. ಮೆರವಣಿಗೆಯ ಬೆಳ್ಳಿ ಬಣ್ಣದ ಭಾರಿ ಜೀನು ಈ ಕೆಲಸಕ್ಕೆ ಬೇಡವೇ ಬೇಡ.

ಇದಾದ ಮೇಲೆ ಎರಡು ಉದ್ದ ಹಗ್ಗ ಹಿಡಿದು ಹಿಂದಿನಿಂದ ನಡೆಸುವುದು. ಇದರಲ್ಲಿ ರೈತರ ಮಕ್ಕಳು ಪೇಟೆಯವರಿಗಿಂತ ಮುಂದೆ: ಜೋಡೆತ್ತಿನ ಹಿಂದೆ ಕುಂಟೆ ಹಿಡಿದು ಹೋದ ಕೈಗೆ ಹಗ್ಗದ ಹಗುರ ಗೊತ್ತು, ಸಾಲು ನೇರ ಇಡುವುದು ಗೊತ್ತು. ಒದೆತಕ್ಕೆ ಸಿಗದಷ್ಟು ಹಿಂದೆ, ತುಸು ಪಕ್ಕಕ್ಕೆ ಇರಿ. ಊರ ಹೊರಗಿನ ದಾರಿಯಲ್ಲಿ, ಕೆರೆ ಏರಿಯ ಮೇಲೆ, ಕುರಿ ದನ ಎದುರಾಗುವ ಕಡೆ ಹೀಗೆ ನಡೆಸಿ. ಎಡ, ಬಲ, ನಿಲ್ಲು ಮೂರೂ ಬಾಯಿಮಾತಿಗೆ ಬಂದುಬಿಟ್ಟರೆ ಸವಾರಿಯ ಮುಕ್ಕಾಲು ಕೆಲಸ ನೆಲದ ಮೇಲೇ ಮುಗಿಯಿತು. ಮನೆಯಲ್ಲಿ ಎಲ್ಲರೂ ಒಂದೇ ಮಾತು ಬಳಸಿ. ಅಪ್ಪ "ಹೋ" ಅಂದರೆ ನಿಲ್ಲು, ಮಗ "ಹೋ" ಅಂದರೆ ಹೋಗು ಅಂತ ಆದರೆ ಕುದುರೆ ಯಾರದು ಕೇಳಬೇಕು?

ಈಗ ಹತ್ತುವುದು. ಮೂರು ಮಂದಿ ಬೇಕು: ತಲೆಯ ಹತ್ತಿರ ಕುದುರೆಗೆ ಪರಿಚಯದ ಒಬ್ಬರು, ಸವಾರನ ಕಾಲು ಎತ್ತಿ ಕೊಡಲು ಒಬ್ಬರು, ಸವಾರ. ನೋಡಲು ಬಂದ ಓಣಿಯ ಮಂದಿಯನ್ನು ಮನೆಗೆ ಕಳಿಸಿ, ವಿಡಿಯೊದವನನ್ನಂತೂ ಮೊದಲು ಕಳಿಸಿ. ತಲೆಗೆ ಹೆಲ್ಮೆಟ್, ಕಾಲಿಗೆ ಹಿಮ್ಮಡಿ ಇರುವ ಬೂಟು. ಚಪ್ಪಲಿ ಹಾಕಿದ ಕಾಲು ರಿಕಾಪಿನಲ್ಲಿ, ಅಂದರೆ ಸವಾರ ಕಾಲಿಡುವ ಬಳೆಯಲ್ಲಿ ಸಿಕ್ಕಿಕೊಂಡು ಎಳೆದಾಡಿಸಿಕೊಂಡರೆ ಜೀವ ಹೋಗುತ್ತದೆ. ಮೊದಲು ಸವಾರ ಪಕ್ಕದಲ್ಲಿ ಜಿಗಿದು ಜಿಗಿದು ಇಳಿಯಲಿ, ಏನೂ ಆಗದಿದ್ದರೆ ಜೀನಿನ ಮೇಲೆ ಹೊಟ್ಟೆ ಹಾಕಿ ಅಡ್ಡ ಮಲಗಲಿ, ಇಳಿಯಲಿ. ಎರಡೂ ಬದಿಯಿಂದ. ಅಡ್ಡ ಮಲಗಿದ್ದಾಗಲೇ ಕುದುರೆ ಎರಡು ಹೆಜ್ಜೆ ನಡೆಯಲಿ, ಭಾರ ಅಲುಗಿದರೆ ತನ್ನ ಕಾಲು ಹೇಗೆ ಇಡಬೇಕು ಅಂತ ಅದು ಲೆಕ್ಕ ಹಾಕಬೇಕು. ಅದು ಉಸಿರು ಬಿಟ್ಟು ತಲೆ ಇಳಿಸಿದ ದಿನ ಕಾಲು ದಾಟಿಸಿ ಕೂಡಿ, ಮೆಲ್ಲಗೆ. ಕುತ್ತಿಗೆಗೆ ಒಂದು ಹಳೆಯ ಚರ್ಮದ ಬೆಲ್ಟು ಕಟ್ಟಿರಿ, ಹೆದರಿಕೆ ಆದಾಗ ಅದನ್ನು ಹಿಡಿಯಿರಿ. ಲಗಾಮು ಹಿಡಿದು ತೂಗಿದರೆ ಮೊದಲ ದಿನವೇ ಬಾಯಿ ಹಾಳು.

ಮೊದಲ ವಾರಗಳಲ್ಲಿ ಹತ್ತು ಹದಿನೈದು ನಿಮಿಷ, ನಡಿಗೆ ಮಾತ್ರ, ನೇರ ದಾರಿ. ಸಣ್ಣ ಸುತ್ತಿನಲ್ಲಿ ತಿರುಗಿಸಿದಷ್ಟೂ ಎಳೆಯ ಕೀಲಿಗೆ ಏಟು. ಹೊರಗೆ ಹೋಗುವಾಗ ಪಕ್ಕದಲ್ಲಿ ಒಂದು ವಯಸ್ಸಾದ ಶಾಂತ ಕುದುರೆ ಇದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ. ಧಾರವಾಡದ ಗೆಳೆಯರು ಹುಬ್ಬಳ್ಳಿ-ಧಾರವಾಡದ ವೇಗದ ಚಿಗರಿ ಬಸ್ಸು ಹಾಯುವ ಪಿ.ಬಿ. ರಸ್ತೆಗೆ ಹೋಗುವ ಆಸೆ ಬಿಡಿ. ನಾಲ್ಕೈದು ವಾರ ಹೀಗೆ ಹತ್ತಿದ ಮೇಲೆ ಜೀನು ತೆಗೆದಿಟ್ಟು ಎರಡು ತಿಂಗಳು ಮೇಯಲು ಬಿಡಿ. ಮರೆತೀತು ಅಂತ ಹೆದರಬೇಡಿ, ಕುದುರೆಯ ನೆನಪು ನಮ್ಮದಕ್ಕಿಂತ ಗಟ್ಟಿ. ಮರಳಿ ಬಂದಾಗ ಹೆಚ್ಚಿನವು ಬಿಟ್ಟಲ್ಲಿಂದಲೇ ಶುರು ಮಾಡುತ್ತವೆ, ಮೈಯೂ ಕೂಡಿರುತ್ತದೆ.

ನಡುವೆ ಕೆಟ್ಟ ದಿನ ಬಂದೇ ಬರುತ್ತದೆ. ನಿನ್ನೆ ಸರಿಯಿದ್ದ ಕುದುರೆ ಇವತ್ತು ಜೀನು ಕಂಡರೆ ಕಿವಿ ಹಿಂದೆ ಹಾಕುತ್ತದೆ, ಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದೆ. ಬಾರುಕೋಲಿಗೆ ಕೈ ಹಾಕುವ ಮೊದಲು ಬೆನ್ನು ಒತ್ತಿ ನೋಡಿ, ಪಟ್ಟಿಯ ಕೆಳಗೆ ಗಾಯ ನೋಡಿ, ಬಾಯಿ ನೋಡಿ. ಮೇವಿಲ್ಲದೆ ಬಹಳ ಹೊತ್ತು ಕಟ್ಟಿ, ಕಾಳು ಹೆಚ್ಚು ತಿನ್ನಿಸುವ ಕುದುರೆಗೆ ಹೊಟ್ಟೆಯಲ್ಲಿ ಹುಣ್ಣಾಗುವುದು ಸಾಮಾನ್ಯ, ಅದೂ ಹೀಗೇ ತೋರಿಸಿಕೊಳ್ಳುತ್ತದೆ. ಇವೆಲ್ಲ ಸರಿಯಿದ್ದು ಕುದುರೆ ಹೆದರಿ ಹೀಗೆ ಮಾಡುತ್ತಿದ್ದರೆ ಒಂದು ಮೆಟ್ಟಿಲು ಕೆಳಗಿಳಿದು, ಅದಕ್ಕೆ ಬರುವ ಕೆಲಸ ಮಾಡಿಸಿ ಆ ದಿನ ಮುಗಿಸಿ.

ಮಾತು ಮುಗಿದ ಮೇಲೆ ಹಾವೇರಿಯಿಂದ ಬಂದ ಒಬ್ಬ ಹುಡುಗ ಎದ್ದು ನಿಂತ. "ನಂದು ಮೂರೂವರಿ ವರ್ಷದ್ದು ಐತ್ರಿ, ಹತ್ತೂದು ಇಳಿಯೂದು ಕಲ್ತೈತಿ. ಲಗ್ನದ ಸೀಜನ್ ಬಂತು, ಮೆರವಣಿಗಿಗೆ ಬಿಡ್ಲ್ಯಾ?"

ಬೇಡಪ್ಪ. ಮದುಮಗ, ಅವನ ಮುಂದೆ ಒಂದು ಕೂಸು, ಭಾರಿ ಜೀನು, ನಾಲ್ಕು ತಾಸು ನಿಂತು ನಿಂತು ನಡೆಯುವುದು. ಈ ಬೆನ್ನು ಅದನ್ನು ತಡೆಯುವುದಿಲ್ಲ. ಐದು ತುಂಬಲಿ. ಅಲ್ಲಿಯ ತನಕ ಸಪ್ಪಳದ ಅಭ್ಯಾಸ ಮಾಡಿಸು. ನಿಮ್ಮ ಊರಲ್ಲಿ ಡೊಳ್ಳಿನ ತಾಲೀಮು ನಡೆಯುತ್ತದಲ್ಲ, ಹಳೆಯ ಕುದುರೆಯೊಂದರ ಜೊತೆ ದೂರದ ಹೊಲದಲ್ಲಿ ನಿಲ್ಲಿಸಿ ಮೇವು ಹಾಕು. ತಿನ್ನುತ್ತ ನಿಂತರೆ ಮರುದಿನ ನಾಲ್ಕು ಮಾರು ಹತ್ತಿರ. ತಿನ್ನುವುದು ಬಿಟ್ಟು ತಲೆ ಎತ್ತಿದರೆ ಹಿಂದಕ್ಕೆ. ಮುಂದೆ ಬಾಡಿಗೆ ಹಿಡಿಯುವಾಗಲೂ ಮುಂಗಡ ತೆಗೆದುಕೊಳ್ಳುವ ಮೊದಲೇ ಮಾತಾಡು: ಕುದುರೆಯ ಮುಂದೆ ಪಟಾಕಿ ಹಚ್ಚಬಾರದು, ಡಿಜೆ ಗಾಡಿ ಅದರ ಹಿಂದೆ ಹತ್ತಿ ಬರಬಾರದು, ಎರಡೂ ಬದಿಗೆ ಹಗ್ಗ ಹಿಡಿದು ನಮ್ಮ ಆಳುಗಳೇ ಇರುತ್ತಾರೆ, ನೀರು ಕುಡಿಸಲು ನಡುವೆ ನಿಲ್ಲಿಸುತ್ತೇವೆ. ಒಪ್ಪದವರ ಬಾಡಿಗೆ ಬಿಟ್ಟುಬಿಡು.